ಮೇಜಿನ ಮೇಲೊಂದು ಮರುಭೂಮಿ

ಪುಟಾಣಿ ಸೈನಿಕರನ್ನು ಮೇಜಿನ ಮೇಲೆ ಸಾಲುಗೂಡಿಸಿ ಯುದ್ಧದಾಟ ಆಡುವ ಹವ್ಯಾಸಿಗೆ ಮೊಟ್ಟಮೊದಲು ಎದುರಾಗುವ ಚಿಂತೆ ಹಣದ್ದು. ನಾರ್ಮಂಡಿಯ ಹಳ್ಳಿಯೊಂದನ್ನು ನಿರ್ಮಿಸಬೇಕಾದರೆ ಮನೆಗಳು ಬೇಕು, ಬೇಲಿಗಳು ಬೇಕು, ನೂರಾರು ಮರಗಳು ಬೇಕು. ರಷ್ಯದ ಪಟ್ಟಣವಾದರೆ ಸುಟ್ಟು ಕರಿಯಾದ ಕಾರ್ಖಾನೆಗಳು ಬೇಕು. ಇವನ್ನೆಲ್ಲ ಅಂಗಡಿಯಿಂದ ಕೊಳ್ಳಹೊರಟರೆ ಸೈನ್ಯಕ್ಕಿಂತ ಊರೇ ದುಬಾರಿಯಾಗುತ್ತದೆ. ಆದ್ದರಿಂದ ಕೈ ಬಿಗಿಯಾಗಿರುವ ಆಟಗಾರನ ಕಣ್ಣು ಸಹಜವಾಗಿಯೇ ಮರುಭೂಮಿಯ ಕಡೆಗೆ ಹೊರಳುತ್ತದೆ. ಅಲ್ಲಿ ಏನಿದೆ? ಮನೆಯಿಲ್ಲ, ಮರವಿಲ್ಲ, ಹೊಳೆಯಿಲ್ಲ. ಹಳದಿ ಬಣ್ಣದ ಹಳೆಯ ಹೊದಿಕೆಯೊಂದನ್ನು ಹಾಸಿದರೆ ಲಿಬಿಯ ಸಿದ್ಧ!

ಹಾಗೆ ಭಾವಿಸಿ ಹೊದಿಕೆ ಹಾಸಿದವರು ಅರ್ಧ ಗಂಟೆಯಲ್ಲಿ ಬೇಸತ್ತು ಏಳುತ್ತಾರೆ. ಮೇಜಿನ ಈ ತುದಿಯ ಟ್ಯಾಂಕಿಗೆ ಆ ತುದಿಯ ಟ್ಯಾಂಕು ಕಾಣುತ್ತಿರುತ್ತದೆ. ಮರೆಯಾಗಿ ನಿಲ್ಲಲು ಅಂಗೈಯಗಲದ ಜಾಗವಿಲ್ಲ. ಯಾರ ತೋಪಿನ ಗುಂಡು ಹೆಚ್ಚು ದೂರ ಹೋಗುವುದೋ ಅವರಿಗೇ ಜಯ. 1940ರಿಂದ 1943ರವರೆಗೆ ಉತ್ತರ ಆಫ್ರಿಕದಲ್ಲಿ ನಡೆದ ಯುದ್ಧ ಹೀಗಿರಲಿಲ್ಲ. ಅಲ್ಲಿ ಸಾವಿರಾರು ಮಂದಿ ಯೋಧರು, ಅವರಲ್ಲಿ ಭಾರತದವರು ಎಷ್ಟೋ ಮಂದಿ, ನಕಾಶೆಯಲ್ಲಿ ಕಂಡೂ ಕಾಣದಂತಿರುವ ಏರುತಗ್ಗುಗಳಿಗಾಗಿ ಪ್ರಾಣ ಕೊಟ್ಟರು. ಆ ಏರುತಗ್ಗುಗಳಿಲ್ಲದ ಮೇಜಿನ ಮೇಲೆ ಅವರ ಹೋರಾಟಕ್ಕೆ ಅರ್ಥವೇ ಉಳಿಯುವುದಿಲ್ಲ. ಕಡಮೆ ಖರ್ಚಿನಲ್ಲಿ ಮರುಭೂಮಿಯನ್ನು ಮಾಡಬಹುದೆಂಬುದು ನಿಜ. ಆದರೆ ಏನೂ ಮಾಡದೆ ಮರುಭೂಮಿಯಾಗದು.

ಚದುರಂಗದ ವಂಶ

ಈ ಆಟದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಒಂದು ಅಂಗುಲದಷ್ಟು ಎತ್ತರದ ಸೈನಿಕರು, ಅವರಿಗೆ ತಕ್ಕ ಗಾತ್ರದ ತೋಪುಗಳು, ವಾಹನಗಳು. ಇಬ್ಬರು ಆಟಗಾರರು ಸರದಿಯಂತೆ ತಮ್ಮ ತಮ್ಮ ಸೈನ್ಯವನ್ನು ಅಳತೆಪಟ್ಟಿಯಿಂದ ಅಳೆದು ನಡೆಸುತ್ತಾರೆ. ಗುಂಡು ತಗುಲಿತೇ ಇಲ್ಲವೇ ಎಂಬುದನ್ನು ದಾಳ ಉರುಳಿಸಿ ನಿರ್ಣಯಿಸುತ್ತಾರೆ. ಯುದ್ಧಭೂಮಿಯ ಸ್ವರೂಪವೇ ಆಟದ ಮೂರನೆಯ ಪಾತ್ರಧಾರಿ.

ವಂಶಾವಳಿಯನ್ನು ಹುಡುಕಿದರೆ ಇದು ನಮ್ಮ ಚತುರಂಗಕ್ಕೇ ಬಂದು ಮುಟ್ಟುತ್ತದೆ. ಭಾರತದಿಂದ ಪರ್ಷಿಯ, ಅರಬ್ಬೀ ನಾಡುಗಳ ಮೂಲಕ ಯೂರೋಪನ್ನು ಸೇರಿದ ಚದುರಂಗವನ್ನು 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗಿನ ಹೆಲ್‌ವಿಗ್ ಎಂಬ ಪಂಡಿತ ಹಿಗ್ಗಿಸಿದ. ಅದರ ಮನೆಗಳಿಗೆ ಬೆಟ್ಟ, ಜೌಗು, ನದಿಗಳ ಬಣ್ಣ ಹಚ್ಚಿದ. ಅನಂತರ ಪ್ರಷ್ಯದ ಬ್ಯಾರನ್ ಫಾನ್ ರೈಸ್‌ವಿಟ್ಸ್ ಎಂಬಾತ ಮನೆಗಳ ಕಟ್ಟನ್ನೇ ಬಿಟ್ಟು, ಮರಳಿನಲ್ಲಿ ನೆಲದ ಏರಿಳಿತಗಳನ್ನು ತಿದ್ದಿ ಆಟವಾಡಿ ತೋರಿಸಿದ. ದೊರೆಗೆ ಅದನ್ನು ನೋಡುವ ಕುತೂಹಲ ಹುಟ್ಟಿತು. ಆದರೆ ಅರಮನೆಗೆ ಮರಳಿನ ತೊಟ್ಟಿಯನ್ನು ಹೊತ್ತೊಯ್ಯುವುದು ಹೇಗೆ? ಬ್ಯಾರನ್ನನು ಬಹಳ ಶ್ರಮಪಟ್ಟು, ಬಣ್ಣ ಹಚ್ಚಿದ ಗಾರೆಯ ಬಿಲ್ಲೆಗಳನ್ನು ಜೋಡಿಸುವ, ಸೆಳೆಖಾನೆಗಳುಳ್ಳ ಅಂದದ ಮೇಜೊಂದನ್ನು ಮಾಡಿಸಿ 1812ರಲ್ಲಿ ಒಪ್ಪಿಸಿದ. ಅಗ್ಗದ ಮರಳನ್ನು ಕಂಡು ನಾಚಿಕೊಂಡ ಆಟಗಾರರಲ್ಲಿ ಆತನೇ ಮೊದಲಿಗನಿರಬೇಕು.

ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಈ ಆಟವನ್ನು ಸೇನಾಧಿಕಾರಿಗಳ ಕೋಣೆಯಿಂದ ಮನೆಯ ನೆಲಕ್ಕೆ ಇಳಿಸಿದ. ಮುಂದೆ 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಹೊರಬಂದಿತು. ಅದೇ ದಶಕದಲ್ಲಿ ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ಸೈನಿಕರು ಶಾಲೆಯ ಹುಡುಗರ ಕೈಗೂ ಎಟಕುವ ಬೆಲೆಗೆ ದೊರೆಯತೊಡಗಿದರು. ಆ ಪೆಟ್ಟಿಗೆಗಳಲ್ಲಿ ಬ್ರಿಟಿಷರ ಎಂಟನೆಯ ಸೇನೆಯೂ ಇತ್ತು, ರೊಮ್ಮೆಲ್‌ನ ಆಫ್ರಿಕ ದಳವೂ ಇತ್ತು. ಅಂದಿನಿಂದ ಇಂದಿನವರೆಗೂ ಮರುಭೂಮಿಯ ಆಟಕ್ಕೆ ಒಲಿದವರ ಸಂಖ್ಯೆ ಕುಂದಿಲ್ಲ.

ಮರಳಿನ ಭಾರ

ಮರುಭೂಮಿಗೆ ಮರಳನ್ನೇ ಸುರಿದರೆ ಆಯಿತಲ್ಲ ಎಂದು ತೋರುವುದು ಸಹಜ. ಲೆಕ್ಕ ಹಾಕಿ ನೋಡಬೇಕು. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜಿನ ಮೇಲೆ ಎರಡಂಗುಲ ದಪ್ಪಕ್ಕೆ ಒಣ ಮರಳು ತುಂಬಿದರೆ ಅದರ ತೂಕ 170 ಕಿಲೋಗ್ರಾಮಿಗೂ ಮಿಕ್ಕುತ್ತದೆ. ಅಂದರೆ ಮೂವರು ಆಳುಗಳು ಮೇಜಿನ ಮೇಲೆ ಹತ್ತಿ ಕುಳಿತಂತೆ. ಆಕಾರ ನಿಲ್ಲಲೆಂದು ನೀರು ಚಿಮುಕಿಸಿದರೆ ಭಾರ ಇನ್ನೂ ಹೆಚ್ಚು. ಊಟದ ಮೇಜು ಇದನ್ನು ತಾಳದು. ತಾಳಿದರೂ, ಮರಳು ಮನೆಯೆಲ್ಲ ಹರಡಿದ ಮೇಲೆ ಮನೆಯಾಕೆಯ ತಾಳ್ಮೆ ಉಳಿಯದು. ಅದೇ ಮರಳನ್ನು ಬಟ್ಟೆಯ ಮೇಲೆ ಒಂದು ಮಿಲಿಮೀಟರ್ ದಪ್ಪಕ್ಕೆ ಅಂಟಿಸಿದರೆ ಮೂರೂವರೆ ಕಿಲೋಗ್ರಾಂ ಸಾಕು.

ತೂಕಕ್ಕಿಂತಲೂ ವಿಚಿತ್ರವಾದ ತೊಡಕು ಇನ್ನೊಂದಿದೆ. ಮರಳಿನ ಮೇಜಿನಲ್ಲಿ ಮರಳು ಮರಳಾಗಿ ಕಾಣುವುದಿಲ್ಲ! ಪುಟಾಣಿ ಸೈನಿಕ ನಿಜವಾದ ಮನುಷ್ಯನ 72ರಲ್ಲಿ ಒಂದು ಪಾಲು ಇದ್ದಾನೆಂದಿಟ್ಟುಕೊಳ್ಳೋಣ. ಆಗ ಒಂದು ಮಿಲಿಮೀಟರ್ ಗಾತ್ರದ ಮರಳಿನ ಕಣ ಅವನ ಪಾಲಿಗೆ ಏಳು ಸೆಂಟಿಮೀಟರಿನ ಕಲ್ಲು, ಮುಷ್ಟಿಯಷ್ಟು ದಪ್ಪದ್ದು. ಅವನ ಕಾಲ ಕೆಳಗೆ ಮರಳು ಇರಬೇಕಾದರೆ ಅದು ಹಿಟ್ಟಿಗಿಂತಲೂ ನಯವಾಗಿರಬೇಕು. ಅಂಥದನ್ನು ತೋರಿಸಲು ಬರಿಯ ಬಣ್ಣವೇ ಸಾಕು.

ಅದೃಷ್ಟವಶಾತ್ ಇದು ತೊಂದರೆಯಲ್ಲ, ಅನುಕೂಲ. ಏಕೆಂದರೆ ಆ ಯುದ್ಧ ನಡೆದ ಪಶ್ಚಿಮ ಮರುಭೂಮಿ ಸಿನಿಮಾದಲ್ಲಿ ಕಾಣುವ ಮರಳ ಅಲೆಗಳ ನಾಡಲ್ಲ. ಆ ಮರಳ ಕಡಲು ಬಹಳ ದಕ್ಷಿಣಕ್ಕಿದೆ. ಸೈನ್ಯಗಳು ಹೊಡೆದಾಡಿದ್ದು ಸಮುದ್ರಕ್ಕೆ ಸಮೀಪದ ಸುಣ್ಣಕಲ್ಲಿನ ಪ್ರಸ್ಥಭೂಮಿಯಲ್ಲಿ. ಮೇಲೆ ತೆಳುವಾದ ಧೂಳು, ಎಲ್ಲೆಲ್ಲೂ ಚೆದರಿದ ಗರಸು ಮತ್ತು ಕಲ್ಲು, ಅಲ್ಲೊಂದು ಇಲ್ಲೊಂದು ಒಂಟೆಮುಳ್ಳಿನ ಕುರುಚಲು ಗಿಡ. ಎಷ್ಟೋ ಕಡೆ ಹಾರೆ ಹಾಕಿದರೆ ಬಂಡೆಯೇ ಎದುರಾಗುತ್ತಿತ್ತು. ಕಂದಕ ತೋಡಲಾಗದ ಸಿಪಾಯಿಗಳು ಕಲ್ಲು ಪೇರಿಸಿ ಮೊಣಕಾಲೆತ್ತರದ ಗೋಡೆ ಕಟ್ಟಿಕೊಂಡು ಅದರ ಹಿಂದೆ ಒರಗುತ್ತಿದ್ದರು. ಇದಕ್ಕೆ ಸಂಗರ್ ಎಂದು ಹೆಸರು. ವಾಯವ್ಯ ಗಡಿನಾಡಿನ ಕಾಳಗಗಳಿಂದ ಭಾರತದ ಸೈನ್ಯವು ಹೊತ್ತು ತಂದ ಈ ಶಬ್ದವನ್ನು ಇಂಗ್ಲಿಷ್ ಸೈನಿಕರೂ ಬಳಸಿದರು. ನದಿಯ ಮರಳಿನ ಒರಟು ಕಣಗಳು ಈ ಕಲ್ಲುನೆಲಕ್ಕೆ ಹೇಳಿ ಮಾಡಿಸಿದಂತಿವೆ.

ಬರಿದಲ್ಲದ ಬಯಲು

ಈಜಿಪ್ಟಿನ ಎಲ್ ಅಲಮೇನ್ ರೈಲು ನಿಲ್ದಾಣದ ಬಳಿ ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಟ್ಯಾಂಕುಗಳು ದಾಟಲಾಗದ ಕತ್ತಾರ ಎಂಬ ಮಹಾತಗ್ಗು. ನಡುವಿನ ಅಂತರ ಸುಮಾರು 60 ಕಿಲೋಮೀಟರ್. ಈ ಬಾಗಿಲಿನ ಮಧ್ಯದಲ್ಲಿ ಪೂರ್ವಪಶ್ಚಿಮವಾಗಿ ಮಲಗಿದೆ ರುವೈಸತ್ ದಿಣ್ಣೆ. ಹುಲ್ಲುಕಡ್ಡಿಯೂ ಇಲ್ಲದ ಕಲ್ಲಿನ ಬೆನ್ನು. ಸುತ್ತಲಿನ ನೆಲಕ್ಕಿಂತ ಕೆಲವೇ ಮೀಟರ್ ಎತ್ತರ. ನಮ್ಮ ಊರುಗಳಲ್ಲಾದರೆ ಅದಕ್ಕೆ ಹೆಸರೇ ಇರುತ್ತಿರಲಿಲ್ಲ. ಆದರೆ ಸಮತಟ್ಟಾದ ನಾಡಿನಲ್ಲಿ ಅದರ ಮೇಲೆ ನಿಂತವನಿಗೆ ಶತ್ರುವಿನ ಪ್ರತಿಯೊಂದು ಲಾರಿಯೂ ಕಾಣುತ್ತಿತ್ತು. 1942ರ ಜುಲೈ ತಿಂಗಳಿನಲ್ಲಿ ನ್ಯೂಜಿಲೆಂಡಿನ ಪಡೆಗಳೂ ಭಾರತದ 5ನೆಯ ಬ್ರಿಗೇಡೂ ಅದಕ್ಕಾಗಿ ಮತ್ತೆ ಮತ್ತೆ ಹೋರಾಡಿದವು. ಅಕ್ಟೋಬರಿನ ಮಹಾಯುದ್ಧದ ವೇಳೆಗೆ ಅಲ್ಲಿ ಕಾವಲಿದ್ದುದು ಭಾರತದ 4ನೆಯ ಡಿವಿಷನ್. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ದಳದವರೂ ಪಶ್ಚಿಮ ಮರುಭೂಮಿಯಲ್ಲಿ ಈ ಡಿವಿಷನ್ನಿನೊಡನೆ ಸೇವೆ ಸಲ್ಲಿಸಿದ್ದರು.

ಈ ದಿಣ್ಣೆಯ ಪಶ್ಚಿಮದ ತುದಿಯ ಬಳಿ ದೇರ್ ಎಲ್ ಷೈನ್ ಎಂಬ ಬಟ್ಟಲಿನಂಥ ತಗ್ಗು ಇದೆ. ಇರಾಕಿನಿಂದ ಅವಸರದಲ್ಲಿ ಕರೆತಂದ ಭಾರತದ 18ನೆಯ ಬ್ರಿಗೇಡನ್ನು ಅಲ್ಲಿ ನಿಲ್ಲಿಸಲಾಗಿತ್ತು. 1942ರ ಜುಲೈ 1ರಂದು ರೊಮ್ಮೆಲ್‌ನ ಪಾಂಜರ್ ಪಡೆ ಅದರ ಮೇಲೆ ಬಿದ್ದಿತು. ಸಂಜೆಯ ಹೊತ್ತಿಗೆ ಬ್ರಿಗೇಡು ನುಚ್ಚುನೂರಾಯಿತು. ಆದರೆ ರೊಮ್ಮೆಲ್‌ನ ಬಳಿ ಉಳಿದಿದ್ದ 55 ಟ್ಯಾಂಕುಗಳಲ್ಲಿ 18 ಅಲ್ಲಿಯೇ ಹಾಳಾದವು, ಒಂದು ಇಡೀ ಹಗಲು ಕಳೆದುಹೋಯಿತು. ಅಷ್ಟರಲ್ಲಿ ಹಿಂದಿದ್ದ ಬ್ರಿಟಿಷ್ ಸಾಲು ಸುಧಾರಿಸಿಕೊಂಡಿತು. ಹಳದಿ ಹೊದಿಕೆಯ ಮೇಲೆ ಇದನ್ನು ಆಡಿ ನೋಡಿದರೆ ಆ ಬ್ರಿಗೇಡು ಹತ್ತು ನಿಮಿಷವೂ ಬಾಳುವುದಿಲ್ಲ. ಬಟ್ಟಲಿನಂಥ ತಗ್ಗನ್ನು ಮಾಡಿಟ್ಟರೆ ಮಾತ್ರ, ಸಂಜೆಯವರೆಗೆ ಅವರು ತಡೆದುದು ಹೇಗೆಂಬುದು ತಿಳಿಯುತ್ತದೆ. ಇಂದು ಎಲ್ ಅಲಮೇನಿನ ಯುದ್ಧಸ್ಮಶಾನದಲ್ಲಿ 7,000ಕ್ಕೂ ಮಿಕ್ಕ ಸಮಾಧಿಗಳ ಜೊತೆಗೆ, ತಂತಮ್ಮ ಧರ್ಮದಂತೆ ದಹನಸಂಸ್ಕಾರ ಪಡೆದ 600ಕ್ಕೂ ಹೆಚ್ಚು ಯೋಧರ ಸ್ಮಾರಕವೂ ಇದೆ.

ಕೈಕೆಲಸ

ಇನ್ನು ಮೇಜಿನ ಕೆಲಸಕ್ಕೆ ಬರೋಣ. ಅಗ್ಗದ ಮಾರ್ಗಗಳಲ್ಲಿ ಅನುಭವಿಗಳು ಬಹುವಾಗಿ ಮೆಚ್ಚಿರುವುದು ಕ್ಯಾನ್ವಾಸಿನ ಹಾಸು. ಬಣ್ಣ ಬಳಿಯುವವರು ನೆಲಕ್ಕೆ ಹಾಸುವ ದಪ್ಪ ಬಟ್ಟೆ ಇದಕ್ಕೆ ಸಾಕು. ಬಟ್ಟೆಯನ್ನು ಹಲಗೆಯ ಮೇಲೆ ಬಿಗಿಯಾಗಿ ಎಳೆದು ಅಂಚಿನುದ್ದಕ್ಕೂ ಮೊಳೆ ಹೊಡೆಯಬೇಕು. ಇಲ್ಲವಾದರೆ ಒಣಗುವಾಗ ಮುದುರಿಕೊಳ್ಳುತ್ತದೆ. ಗೋಡೆಯ ಬಿರುಕು ಮುಚ್ಚಲು ಕೊಳವೆಯಲ್ಲಿ ಮಾರುವ ಅಕ್ರಿಲಿಕ್ ಸೀಲೆಂಟಿಗೆ ಕಂದು ಬಣ್ಣದ ಗೋಡೆಯ ಪೇಂಟನ್ನು ಕಲಸಿ, ಅಗಲವಾದ ಪುಟ್ಟಿ ಕರಣೆಯಿಂದ ಒಂದು ಮಿಲಿಮೀಟರ್ ದಪ್ಪಕ್ಕೆ ಸವರಬೇಕು. ಆರಡಿ ನಾಲ್ಕಡಿ ಹಾಸಿಗೆ ಎರಡು ಲೀಟರಿಗೆ ಸ್ವಲ್ಪ ಹೆಚ್ಚು ಮಿಶ್ರಣ ಹಿಡಿಯುತ್ತದೆ; ಅಂದರೆ ಅರ್ಧ ಲೀಟರ್ ಪೇಂಟು ಬೆರೆಸಿದರೆ 300 ಮಿಲಿಲೀಟರಿನ ಆರು ಕೊಳವೆ. ಸೀಲೆಂಟು ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಸಿಲಿಕೋನಿನಿಂದ ಮಾಡಿದ್ದನ್ನು ತರಬಾರದು. ಅದರ ಮೇಲೆ ಯಾವ ಬಣ್ಣವೂ ನಿಲ್ಲದು.

ಹಸಿಯಿರುವಾಗಲೇ ಮರಳನ್ನು ಉದುರಿಸಬೇಕು. ಅದಕ್ಕೆ ಮೊದಲು ಮರಳನ್ನು ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಬೇಕು. ಸಮುದ್ರದ ಮರಳಾದರೆ ಉಪ್ಪು ಹೋಗುವವರೆಗೆ ಹಲವು ಸಲ ತೊಳೆಯದೆ ಗತ್ಯಂತರವಿಲ್ಲ, ಏಕೆಂದರೆ ಉಪ್ಪು ಗಾಳಿಯ ತೇವವನ್ನು ಹೀರಿ ಬಣ್ಣವನ್ನು ಎಬ್ಬಿಸುತ್ತದೆ. ಹಿಟ್ಟಿನ ಜರಡಿಯಲ್ಲಿ ಜಾಲಿಸಿ ನಯ, ಒರಟು, ಗರಸು ಎಂದು ಮೂರು ಪಾಲು ಮಾಡಿಕೊಳ್ಳಬೇಕು. ಮುಕ್ಕಾಲು ಪಾಲು ನೆಲಕ್ಕೆ ನಯವಾದುದೇ ಸಾಕು. ಗರಸನ್ನು ಸಮನಾಗಿ ಎರಚಬಾರದು. ಹೊಸಬರ ಮೇಜುಗಳು ಉಪ್ಪಿಟ್ಟಿನ ತಟ್ಟೆಯಂತೆ ಕಾಣುವುದು ಇದರಿಂದಲೇ. ನಿಜವಾದ ಮರುಭೂಮಿಯಲ್ಲಿ ಕಲ್ಲುಗಳು ಗುಂಪಾಗಿ ಬೀಳುತ್ತವೆ. ಮಳೆ ಬಂದಾಗ ಮಾತ್ರ ಹರಿಯುವ ವಾಡಿ ಎಂಬ ಒಣಹಳ್ಳಗಳ ತಳದಲ್ಲಿ, ದಿಣ್ಣೆಗಳ ಬುಡದಲ್ಲಿ ಹೆಚ್ಚು. ನಡುವಿನ ಬಯಲಿನಲ್ಲಿ ಕಡಮೆ.

ಎರಡು ದಿನ ಒಣಗಿಸಿ, ಅಂಟದೆ ಉಳಿದ ಮರಳನ್ನು ಪೊರಕೆಯಿಂದ ಗುಡಿಸಿ ತೆಗೆದು, ಬಣ್ಣಕ್ಕೆ ಕೈಹಾಕಬಹುದು. ಮರುಭೂಮಿಯೆಂದರೆ ಹಳದಿ ಎಂಬ ಭ್ರಮೆ ಹೆಚ್ಚಿನ ಮೇಜುಗಳನ್ನು ಕೆಡಿಸಿದೆ. ಪಶ್ಚಿಮ ಮರುಭೂಮಿಯ ನೆಲ ಬಿಳಿಚಿದ ಕಂದು, ಅದರಲ್ಲಿ ಬೂದಿಯ ಛಾಯೆ. ಬಿಳಿಯ ಪೇಂಟಿಗೆ ಕಾವಿ ಹಳದಿ ಮತ್ತು ಕಂದು ಸ್ಟೇನರನ್ನು ಹನಿಹನಿಯಾಗಿ ಬೆರೆಸಿದರೆ ಈ ಬಣ್ಣ ಬರುತ್ತದೆ. ಇಡೀ ಕೆಲಸಕ್ಕೆ ಬೇಕಾದಷ್ಟನ್ನು ಒಮ್ಮೆಗೇ ಕಲಸಿಡಬೇಕು. ಎರಡನೆಯ ಸಲ ಅದೇ ಬಣ್ಣವನ್ನು ಕೂಡಿಸುವುದು ಬ್ರಹ್ಮನಿಗೂ ಅಸಾಧ್ಯ. ಕುಂಚವನ್ನು ಅದ್ದಿ, ಹಳೆಯ ಬಟ್ಟೆಗೆ ಒರೆಸಿ, ಬಹುಪಾಲು ಒಣಗಿದ ಕುಂಚವನ್ನೇ ಹಾಸಿನ ಮೇಲೆ ಲಘುವಾಗಿ ಆಡಿಸಬೇಕು. ಆಗ ಕಣಗಳ ನೆತ್ತಿ ಮಾತ್ರ ಬಿಳುಪೇರಿ, ಸಂದುಗಳಲ್ಲಿ ಕಡುಗಂದು ನೆರಳು ಉಳಿಯುತ್ತದೆ. ಮಿಕ್ಕ ಬಣ್ಣವನ್ನು ಚೆಲ್ಲದೆ ಟ್ಯಾಂಕುಗಳ ಚಕ್ರಪಟ್ಟಿಗಳಿಗೂ ಸೈನಿಕರ ಬೂಟುಗಳಿಗೂ ಸ್ವಲ್ಪ ಒರೆಸಿದರೆ ಅವರು ಅದೇ ನೆಲದಲ್ಲಿ ನಡೆದು ಬಂದವರಂತೆ ಕಾಣುತ್ತಾರೆ.

ಒಂಟೆಮುಳ್ಳಿಗೆ ತೆಂಗಿನ ನಾರಿನ ಹಳೆಯ ಕಾಲೊರಸು ಒಳ್ಳೆಯ ಗಣಿ. ಚಿಟಿಕೆ ನಾರನ್ನು ಕತ್ತರಿಸಿ, ಬಿಳಿಯ ಅಂಟಿನಲ್ಲಿ ಅದ್ದಿ, ಸೋಸಿ ಉಳಿದ ಚಹಾಪುಡಿಯಲ್ಲಿ ಹೊರಳಿಸಿ ನೆಟ್ಟರೆ ಗಿಡವಾಯಿತು. ಚಹಾಪುಡಿ ಪೂರ್ತಿ ಒಣಗಿರಬೇಕು, ಇಲ್ಲವಾದರೆ ಮರುಭೂಮಿಯಲ್ಲಿ ಬೂಷ್ಟು ಬೆಳೆಯುತ್ತದೆ. ಮರಳಿಗೆ ಬದಲು ರವೆಯನ್ನು ಬಳಸಲು ಹೋಗುವವರು ಇರುವೆಗಳ ದಂಡಯಾತ್ರೆಗೂ ಸಿದ್ಧರಾಗಿರಬೇಕು.

ದಿಣ್ಣೆ ಮತ್ತು ತಗ್ಗು

ಏರುತಗ್ಗುಗಳಿಗೆ ಖರ್ಚೇ ಇಲ್ಲ. ಹಾಸಿನ ಕೆಳಗೆ ಹಳೆಯ ವಾರಪತ್ರಿಕೆಗಳ ಕಟ್ಟನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದರೆ ದಿಣ್ಣೆ ತಾನಾಗಿ ಏಳುತ್ತದೆ. ಮುಗಿದ ಧಾರಾವಾಹಿಗಳಿಗೆ ಇದಕ್ಕಿಂತ ಗೌರವದ ಉಪಯೋಗ ಯಾವುದು? ತಗ್ಗನ್ನು ಮಾಡುವುದು ಹೇಗೆಂದು ಹಲವರು ಕೈಚೆಲ್ಲುತ್ತಾರೆ, ಮೇಜನ್ನು ಕೊರೆಯುವಂತಿಲ್ಲವಲ್ಲ ಎಂದು. ತಗ್ಗಿರಬೇಕಾದ ಜಾಗವನ್ನು ಬಿಟ್ಟು ಉಳಿದ ಕಡೆಯೆಲ್ಲ ಒಂದಂಗುಲದ ಥರ್ಮೋಕೋಲ್ ಹಾಸಿ, ಮೇಲೆ ಬಟ್ಟೆ ಹೊದಿಸಿದರೆ ದೇರ್ ಎಲ್ ಷೈನ್ ಸಿದ್ಧವಾಗುತ್ತದೆ. ಸೋಲ್ಲುಮ್ ಬಳಿಯ ಕಡಿದಾದ ಏರುಗೋಡೆಯಂಥದು ಬೇಕಾದರೆ ಥರ್ಮೋಕೋಲನ್ನು ಕತ್ತರಿಸದೆ ಮುರಿದು, ಪದರ ಪದರವಾಗಿ ಅಂಟಿಸಿ, ಮೇಲೆ ಕಾಗದದ ಚೂರುಗಳನ್ನು ಮೈದಾ ಅಂಟಿನಲ್ಲಿ ಮೆತ್ತಬೇಕು. ಬಣ್ಣದ ಸ್ಪ್ರೇ ಡಬ್ಬಿಯನ್ನು ಮಾತ್ರ ಅದರ ಹತ್ತಿರಕ್ಕೂ ತರಬಾರದು. ಅದರ ದ್ರಾವಕ ತಗುಲಿದೊಡನೆ ಥರ್ಮೋಕೋಲ್ ಕರಗಿಹೋಗುತ್ತದೆ.

ಎತ್ತರ ಎಷ್ಟಿರಬೇಕು? ಇಲ್ಲಿ ಆಟಗಾರರ ನಡುವೆ ಎಂದಿಗೂ ಮುಗಿಯದ ವಾದವಿದೆ. ಆರಡಿಯ ಮೇಜನ್ನು ಟ್ಯಾಂಕುಗಳ ಪ್ರಮಾಣದಲ್ಲಿಯೇ ಅಳೆದರೆ ಅದು ನಿಜವಾದ ನೆಲದ 130 ಮೀಟರ್ ಮಾತ್ರ. ಅಷ್ಟರಲ್ಲಿ ಯಾವ ಟ್ಯಾಂಕುಯುದ್ಧವೂ ನಡೆಯದು. ಆದ್ದರಿಂದ ಒಂದು ಸೆಂಟಿಮೀಟರಿಗೆ ಹತ್ತು ಮೀಟರ್ ಎಂದು ನೆಲವನ್ನು ಕುಗ್ಗಿಸುವುದು ರೂಢಿ. ಆ ಲೆಕ್ಕದಲ್ಲಿ 20 ಮೀಟರಿನ ದಿಣ್ಣೆ ಎರಡೇ ಸೆಂಟಿಮೀಟರ್ ಆಯಿತು. ಅದರ ಹಿಂದೆ ನಿಂತ ಟ್ಯಾಂಕಿನ ಎತ್ತರವಾದರೋ ಮೂರು ಸೆಂಟಿಮೀಟರಿಗೂ ಹೆಚ್ಚು! ಅಡಗಿದ ಟ್ಯಾಂಕಿನ ತಲೆ ಊರಿಗೆಲ್ಲ ಕಾಣುತ್ತದೆ. ಗಣಿತಕ್ಕೆ ಕಟ್ಟುಬಿದ್ದು ಆಟವನ್ನು ಕೆಡಿಸುವುದಕ್ಕಿಂತ ದಿಣ್ಣೆಯನ್ನು ನಾಲ್ಕೈದು ಸೆಂಟಿಮೀಟರಿಗೆ ಏರಿಸುವುದೇ ವಿವೇಕ. ಇಳಿಜಾರು ಒಂದಡಿಯಷ್ಟು ಅಗಲಕ್ಕೆ ಹರಡಿರಲಿ. ಕಡಿದಾದರೆ ಸೈನಿಕರು ಜಾರಿ ಬೀಳುತ್ತಾರೆ, ಸೀಸದವರಾದರೆ ಬಣ್ಣವೂ ಹಾರುತ್ತದೆ.

ತಗಡಿನ ರೈಲು, ಬಯಲಿನ ಶಿಬಿರ

ಹರಕು ಬಟ್ಟೆ, ಚಹಾಪುಡಿಗಳಿಂದ ಮರುಭೂಮಿಯನ್ನು ಕಟ್ಟುವವರನ್ನು ಕಂಡು ದೊಡ್ಡವರು ನಗುವುದುಂಟು. ಆದರೆ ಆ ಯುದ್ಧದಲ್ಲಿಯೇ ಸೈನ್ಯಗಳು ಇಂಥ ಕೆಲಸವನ್ನು ಪ್ರಾಣಭಯದಿಂದ ಮಾಡಿದ್ದವು. 1941ರಲ್ಲಿ ಬ್ರಿಟಿಷ್ ಸೇನೆಯ ಸ್ಟೀವನ್ ಸೈಕ್ಸ್ ಎಂಬ ಕಲಾವಿದ, ಮಿಷೈಫಾದಲ್ಲಿದ್ದ ನಿಜವಾದ ರೈಲು ನಿಲ್ದಾಣವನ್ನು ಉಳಿಸಲು ದೂರದಲ್ಲೊಂದು ಸುಳ್ಳು ರೈಲು ದಾರಿಯನ್ನು ಕಟ್ಟಿಸಿದ. ಕಂಬಿಗಳು ತಟ್ಟಿ ಮಾಡಿದ ಪೆಟ್ರೋಲ್ ಡಬ್ಬಿಯ ತಗಡು. ಬಂಡಿಗಳು ಖರ್ಜೂರದ ಗರಿಯ ತಟ್ಟಿ. ಎಂಜಿನ್ನಿನ ಹೊಗೆ ಸೈನ್ಯದ ಅಡಿಗೆಯ ಒಲೆಯದು. ಜರ್ಮನರ ವಿಮಾನಗಳು ಅದರ ಮೇಲೆ ನಿಜವಾದ ಬಾಂಬುಗಳನ್ನೇ ಸುರಿಸಿದವು.

ಅದಕ್ಕೂ ಹಿಂದೆ, 1940ರ ನವೆಂಬರಿನಲ್ಲಿ, ಮತ್ರೂಹ್ ಬಳಿಯ ಬಯಲಿನಲ್ಲಿ ಭಾರತದ 4ನೆಯ ಡಿವಿಷನ್ನಿನವರು ವಿಚಿತ್ರವಾದ ಕವಾಯತೊಂದನ್ನು ಮಾಡಿದರು. ನೆಲದ ಮೇಲೆ ಶಿಬಿರಗಳ ಆಕಾರವನ್ನು ಗುರುತು ಮಾಡಲಾಗಿತ್ತು; ಅವುಗಳ ಮೇಲೆ ಟ್ಯಾಂಕುಗಳೊಡನೆ ನುಗ್ಗುವ ಅಭ್ಯಾಸ. ಅವು ಇಟಾಲಿಯನ್ನರ ನಿಬೈವಾ ಮತ್ತು ತುಮ್ಮರ್ ಶಿಬಿರಗಳ ಪಡಿಯಚ್ಚು ಎಂಬುದು ಸಿಪಾಯಿಗಳಿಗೆ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಮತ್ತೆ ಹೊರಟಾಗಲೂ ಇದು ಎರಡನೆಯ ಕವಾಯತೆಂದೇ ಹೆಚ್ಚಿನವರು ತಿಳಿದಿದ್ದರು. ಡಿಸೆಂಬರ್ 9ರ ಬೆಳಗ್ಗೆ ಮಟಿಲ್ಡಾ ಟ್ಯಾಂಕುಗಳು ಸುರಂಗಮದ್ದು ಹೂಳಿರದ ಹಿಂಬದಿಯಿಂದ, ಅಂದರೆ ವಾಯವ್ಯ ದಿಕ್ಕಿನಿಂದ, ನಿಬೈವಾದೊಳಕ್ಕೆ ನುಗ್ಗಿದವು. ಅವುಗಳ ಹಿಂದೆಯೇ 11ನೆಯ ಬ್ರಿಗೇಡು. ಮಧ್ಯಾಹ್ನದೊಳಗೆ ಶಿಬಿರ ಬಿದ್ದಿತು. ಅಲ್ಲಿನ ಸೇನಾಪತಿ ಮಲೆತ್ತಿ ಹೋರಾಡುತ್ತಲೇ ಮಡಿದ.

ಹೊಸದಾಗಿ ಹಾಸು ಮಾಡಿಕೊಂಡವರಿಗೆ ಮೊದಲ ಆಟವಾಗಿ ನಿಬೈವಾ ಚೆನ್ನಾಗಿ ಒಪ್ಪುತ್ತದೆ. ಸಾಮಗ್ರಿ ಬಹಳ ಬೇಡ. ಗರಸನ್ನು ಅಂಟಿಸಿ ಮಾಡಿದ ಗಿಡ್ಡ ಕಲ್ಲುಗೋಡೆ ಆಯತಾಕಾರವಾಗಿ ಶಿಬಿರವನ್ನು ಸುತ್ತಲಿ. ಅದರ ಹೊರಗೆ ಟ್ಯಾಂಕು ತಡೆಯುವ ಹಳ್ಳವನ್ನು ಕಡುಗಂದು ಗೆರೆಯಿಂದ ತೋರಿಸಬಹುದು. ಸುರಂಗಮದ್ದಿನ ಜಾಗಕ್ಕೆ ಬೆಂಕಿಕಡ್ಡಿಯ ಗೂಟಗಳೂ ದಾರವೂ ಸಾಕು. ಸಂಗರ್‌ಗಳನ್ನೂ ತೋಪುಗಳನ್ನೂ ಪೂರ್ವ ಮತ್ತು ದಕ್ಷಿಣಕ್ಕೆ ಮುಖ ಮಾಡಿ ಇಟ್ಟು, ವಾಯವ್ಯದ ಮೂಲೆಗೆ ಬಂದಾಗ ಅಂಟಿನ ಡಬ್ಬಿಯನ್ನು ಮುಚ್ಚಿಬಿಡಬೇಕು. ಅಲ್ಲಿ ಏನನ್ನೂ ಅಂಟಿಸುವಂತಿಲ್ಲ.